ಆಪಾನ ಮೀನಿನ ಟ್ಯಾಂಕಿಗೆ ಪಾಚಿ ಹತ್ತಿದ ಬೇಸಿಗೆ

ಯಾರಾದರೂ ಏನಾದರೊಂದು ತಂದು ‘ಇದನ್ನಷ್ಟು ನೋಡಿಕೊಂಡಿರು’ ಎಂದರೆ ಸಾಕು, ನನ್ನ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತದೆ. ಓಣಿಯವರು ಕೀಲಿ ಕೊಟ್ಟು ಊರಿಗೆ ಹೋದರೆ ಅವರು ತಿರುಗಿ ಬರುವ ತನಕ ಆ ಕೀಲಿ ನನ್ನ ಸೆರಗಿನ ಗಂಟಿನಲ್ಲೇ ಇರುತ್ತದೆ. ಗಿರಾಕಿಗಳು ಕೊಟ್ಟ ರೇಷ್ಮೆ ಖಣಕ್ಕೆ ಕತ್ತರಿ ಇಡುವ ಮುಂಚೆ ಅಳತೆಯನ್ನು ಮತ್ತೆ ಮತ್ತೆ ನೋಡಿ, ನೋಡಿದ್ದನ್ನೇ ಮರೆತು, ಇನ್ನೊಮ್ಮೆ ನೋಡುತ್ತೇನೆ. ಆದರೆ ಈ ಅಂಜಿಕೆಯನ್ನು ಹೊರಗೆ ತೋರಿಸುವವಳಲ್ಲ. ಜಗಳಕ್ಕೆ ನಿಂತರೆ ನನ್ನ ದನಿ ಓಣಿಯ ಆ ತುದಿಗೆ ಕೇಳಬೇಕು. “ಬಾಯಿ ನೋಡಿದ್ರ ಬೊಂಬಾಯಿ, ಎದಿ ನೋಡಿದ್ರ ಪುಕ್ಕಲ” ಎಂದು ಅವ್ವ ಆಡಿಕೊಳ್ಳುತ್ತಾಳೆ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ ನಾನು, ಅವ್ವ ಇಬ್ಬರೇ ಇರುತ್ತೇವೆ. ನಾನು ಜಂಪರ, ಅಂದರೆ ರವಿಕೆ, ಹೊಲಿಯುತ್ತೇನೆ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಆಪಾನದು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾನು ಅವರನ್ನು ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತೇನೆ, ಅವ್ವ ಮಾತ್ರ ಮಾಸ್ತರಿಕೆ ಮಾಡಿದವರೆಂದು ಅಕ್ಕೋರ ಎನ್ನುತ್ತಾಳೆ. ನಿವೃತ್ತಿಯಾದ ಮೇಲೆ ಆಪಾ ಮೊಬೈಲಿನಲ್ಲಿ ನೋಡಿ ನೋಡಿ ಒಂದು ಮೀನಿನ ಟ್ಯಾಂಕು ಮಾಡಿದರು. ಬಣ್ಣದ ಹರಳು, ಪ್ಲಾಸ್ಟಿಕ್ ಗಿಡ ಹಾಕಿ ದವಾಖಾನೆಗಳಲ್ಲಿ ಇಡುತ್ತಾರಲ್ಲ, ಅಂಥದ್ದಲ್ಲ. ನೀರಿನೊಳಗೇ ಬೇರುಬಿಟ್ಟು ಬೆಳೆಯುವ ನಿಜವಾದ ಗಿಡಗಳು. ರಿಬ್ಬನ್ನಿನಂಥ ಉದ್ದನೆಯ ಹುಲ್ಲು, ಅದರ ನಡುವೆ ಬಾಲ ಬೀಸುವ ಗಪ್ಪಿ ಮೀನು, ಜೋಳದ ಕಾಳಿನಷ್ಟು ಸಣ್ಣ ಸೀಗಡಿ, ಬಸವನಹುಳು. ಮುಂಭಾಗದಲ್ಲಿ ಒಂದು ಕರಿಕಲ್ಲು, ಅದರ ಮೇಲೆ ದಪ್ಪ ಎಲೆಯ ಒಂದು ಗಿಡ. ಅದನ್ನು ಮಣ್ಣಿಗೆ ನೆಡುವುದಿಲ್ಲವಂತೆ, ಕಲ್ಲಿಗೆ ದಾರದಿಂದ ಕಟ್ಟಬೇಕಂತೆ.

ಆ ದಾರ ನನ್ನ ಹೊಲಿಗೆ ಡಬ್ಬಿಯದು. ಗಂಟೂ ನನ್ನದೇ. “ನಿನ್ನ ಗಂಟು ಬಿಚ್ಚಂಗಿಲ್ಲ, ನೀನ ಕಟ್ಟು” ಎಂದು ಆಪಾ ಕಲ್ಲು ಹಿಡಿದುಕೊಂಡು ಬಂದಿದ್ದರು. ನಾನು ಒಲ್ಲೆನೆಂದೆ. “ಆಪಾ, ನನ್ನ ಕೈಗುಣ ಛಲೋ ಇಲ್ರಿ, ಬ್ಯಾಡ್ರಿ.” ಅವರು ಕಲ್ಲನ್ನು ನನ್ನ ಮಡಿಲಿಗೇ ಇಟ್ಟರು. “ಗಂಟ ಹಾಕಾಕ ಎಂಥಾ ಕೈಗುಣ? ಕಟ್ಟು.”

ಕೈಗುಣದ ವಿಷಯ ಹೇಳಿಬಿಡುತ್ತೇನೆ. ಹೇಳದಿದ್ದರೆ ನಾನು ಆ ಬೇಸಿಗೆಯಲ್ಲಿ ಯಾಕೆ ಅಷ್ಟು ಒದ್ದಾಡಿದೆ ಎನ್ನುವುದು ತಿಳಿಯುವುದಿಲ್ಲ. ನಮ್ಮ ತವರು ಟಿಕೋಟಾ ಕಡೆಯ ಬಿಜ್ಜರಗಿ. ಅಲ್ಲಿ ಯಾರ ಕೈಲಿ ಬೀಜ ಹಾಕಿಸಬೇಕು, ಯಾರ ಕೈಲಿ ಮೊದಲ ದ್ರಾಕ್ಷಿ ಬಳ್ಳಿ ಹಚ್ಚಿಸಬೇಕು ಎನ್ನುವುದಕ್ಕೆಲ್ಲ ಲೆಕ್ಕವಿದೆ. ಕೆಲವರ ಕೈ ಹಚ್ಚಿದ್ದು ಹಬ್ಬುತ್ತದೆ, ಕೆಲವರ ಕೈ ಹಚ್ಚಿದ್ದು ಒಣಗುತ್ತದೆ. ನನ್ನನ್ನು ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟಿದ್ದರು. ನಾನು ಅಲ್ಲಿಗೆ ಕಾಲಿಟ್ಟ ವರ್ಷವೇ ಹಿತ್ತಲಲ್ಲಿ ನಾನು ಹಚ್ಚಿದ ಕರಿಬೇವು ಒಣಗಿತು, ನಾನು ಹಾಲು ಕುಡಿಸುತ್ತಿದ್ದ ಎಮ್ಮೆಕರು ಸತ್ತಿತು. ಮಕ್ಕಳೂ ಆಗಲಿಲ್ಲ. “ಇಕಿ ಕೈಗುಣನ ಸುಮಾರ” ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದಳು. ಮಂದಿ ಬಾಯಿಗೆ ಬಿದ್ದ ಮಾತು ಹೊಳ್ಳಿ ಬರುವುದಿಲ್ಲ. ನಾನು ಸಿಟ್ಟಿಗೆದ್ದು ಹೊಲಿಗೆಯಂತ್ರ ಎತ್ತಿಕೊಂಡು ಬಂದುಬಿಟ್ಟೆ, ಆ ಮಾತು ಮಾತ್ರ ನನಗಿಂತ ಮುಂಚೆ ಬಿಜ್ಜರಗಿ ಮುಟ್ಟಿತ್ತು. ನಾನು, ಅವ್ವ ವಿಜಯಪುರಕ್ಕೆ ಬಂದ ಮೇಲೆ ನನ್ನ ತಮ್ಮ ಊರಲ್ಲಿ ದ್ರಾಕ್ಷಿ ತೋಟ ಮಾಡಿದಾಗ ಬಳ್ಳಿ ಹಚ್ಚುವ ದಿನ ನನ್ನನ್ನು ಅಡುಗೆಗೆ ಕರೆದರು, ಹೊಲಕ್ಕೆ ಕರೆಯಲಿಲ್ಲ. ಅವ್ವ ಎಲ್ಲವನ್ನೂ ಕೇಳಿದಳು, ಒಂದು ಮಾತೂ ಆಡಲಿಲ್ಲ.

ಮೊನ್ನೆಯ ಬೇಸಿಗೆಯಲ್ಲಿ ಆಪಾ ಮತ್ತು ಅವರ ಯಜಮಾನರಿಗೆ ಹಜ್ ಯಾತ್ರೆಯ ಸರದಿ ಬಂತು. ಮನೆಗೆ ಬೀಗ ಬೀಳುತ್ತದೆ, ಟ್ಯಾಂಕು ಯಾರಿಗೆ ಬಿಡುವುದು? ಆಪಾ ನನ್ನ ಹತ್ತಿರವೇ ಬಂದರು. “ಇದು ಅಮಾನತ್ ಐತಿ ತಂಗಿ. ಅಂದ್ರ ನಂಬಿ ಕೈಯಾಗ ಇಟ್ಟದ್ದು. ಹೆಂಗ ಕೊಟ್ಟಿರ್ತೇನೋ ಹಂಗ ತಿರುಗಿ ಕೊಡಬೇಕು.”

“ಆಪಾ, ನನಗ ಬ್ಯಾಡ್ರಿ. ನನ್ನ ಕೈಯಾಗ ಇಟ್ಟದ್ದು ಉಳಿಯಂಗಿಲ್ಲ ಅಂತ ಊರಿಗೆ ಊರ ಅಂತೈತಿ.”

“ನಾ ಊರಿನ ಕೈಯಾಗ ಕೊಡಾಕತ್ತಿಲ್ಲ, ನಿನ್ನ ಕೈಯಾಗ ಕೊಡಾಕತ್ತೇನಿ” ಎಂದರು.

ಟ್ಯಾಂಕು ನಮ್ಮ ಪಡಸಾಲೆಗೆ ಬಂತು. ಬಟ್ಟೆ ಕತ್ತರಿಸುವ ಮೇಜು ಬಿಟ್ಟರೆ ಅಷ್ಟು ಭಾರ ತಡೆಯುವಂಥದ್ದು ನಮ್ಮಲ್ಲಿ ಬೇರೊಂದಿರಲಿಲ್ಲ. ಹಾಗಾಗಿ ಕಿಟಕಿಯ ಪಕ್ಕದ ಆ ಮೇಜಿನ ಒಂದು ತುದಿ ಮೀನಿಗೆ, ಇನ್ನೊಂದು ತುದಿ ನನಗೆ. ಆಪಾ ಕಿಟಕಿಗೆ ದಪ್ಪ ಪರದೆ ಕಟ್ಟಿ ನಿಯಮ ಹೇಳಿದರು. ಬಿಸಿಲು ಬೀಳಬಾರದು, ಟ್ಯಾಂಕಿನ ದೀಪ ಸ್ವಲ್ಪ ಹೊತ್ತು ಮಾತ್ರ. ಆಹಾರ ದಿನಕ್ಕೊಮ್ಮೆ, ಬೆರಳಿಗೆ ಹತ್ತುವಷ್ಟು. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸದು ಹಾಕುವುದು. “ಮತ್ತ ಏನರ ಆದ್ರ ಔಷಧ ಗಿವ್ಷಧ ಹಾಕಬ್ಯಾಡ. ಸೀಗಡಿ ತಡಕೊಳ್ಳಂಗಿಲ್ಲ.”

ಹೊರಡುವ ಹಿಂದಿನ ದಿನ ಆಪಾ ಓಣಿಯ ಮನೆ ಮನೆಗೂ ಹೋದರು. ಹಜ್‌ಗೆ ಹೋಗುವವರು ಹಾಗೆ ಹೋಗಿ ಕ್ಷಮೆ ಕೇಳಿಕೊಂಡೇ ಹೊರಡಬೇಕು. ನಮ್ಮ ಮನೆಗೂ ಬಂದು ಅವ್ವನ ಕೈ ಹಿಡಿದರು. “ತಿಳಿದೋ ತಿಳಿಯದನೋ ಏನರ ಅಂದಿದ್ರ, ಮಾಡಿದ್ರ, ಮಾಫ್ ಮಾಡ್ರಿ.” ಅವ್ವನ ಕಣ್ಣಲ್ಲಿ ನೀರು ಬಂತು. “ಮಾಡೇನ್ರಿ ಅಕ್ಕೋರ, ಎಲ್ಲಾ ಮಾಡೇನ್ರಿ. ಹೋಗಿ ಛಂದಂಗಿ ಬರ್ರಿ” ಎಂದು ಅವರ ಸೆರಗಿಗೆ ತೆಂಗಿನಕಾಯಿ, ಒಂದು ಹಿಡಿ ಅಕ್ಕಿ ಹಾಕಿದಳು. ನಾನು ಪಕ್ಕದಲ್ಲಿ ನಿಂತು ಟ್ಯಾಂಕನ್ನೇ ನೋಡುತ್ತಿದ್ದೆ.

ಅದು ಮದುವೆಯ ಸುಗ್ಗಿ. ಜಂಪರದ ಗಂಟುಗಳು ಮೇಜಿನ ಕೆಳಗೂ ಮೇಲೂ. ಪರದೆ ಕಟ್ಟಿದ ಕಿಟಕಿಯಲ್ಲಿ ನನ್ನ ಕೆಲಸ ಹೇಗೆ ನಡೆಯಬೇಕು? ಕರಿ ದಾರ ಯಾವುದು, ಕಡುನೀಲಿ ಯಾವುದು ಎನ್ನುವುದು ಟ್ಯೂಬಲೈಟಿನಲ್ಲಿ ತಿಳಿಯುವುದಿಲ್ಲ, ಅದಕ್ಕೆ ಹಗಲ ಬೆಳಕೇ ಬೇಕು. ಸ್ವಲ್ಪ ಸರಿಸಿದೆ. ಇನ್ನೂ ಸ್ವಲ್ಪ ಸರಿಸಿದೆ. ವಿಜಯಪುರದ ಬೇಸಿಗೆಯ ಬಿಸಿಲಿಗೆ ಅಷ್ಟು ಸಂದು ಸಾಕು.

ಮೊದಲು ಗಾಜಿನ ಮೇಲೆ ಕಂದು ಧೂಳಿನಂಥದ್ದು ಕೂತಿತು. ಒರೆಸಿದೆ, ಹೋಯಿತು. ಹೋಯಿತೆಂದು ಖುಷಿಪಟ್ಟೆ. ಆಮೇಲೆ ಹಸಿರು ಚುಕ್ಕೆಗಳು ಬಂದವು. ಅವು ಒರೆಸಿದರೆ ಹೋಗಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು. ಅದೂ ಆಯಿತೆನ್ನುವಾಗ ಉದ್ದನೆಯ ಹುಲ್ಲಿನ ತುದಿಗಳಲ್ಲಿ ನೂಲು ನೂಲಾಗಿ ಪಾಚಿ ಕಾಣಿಸಿಕೊಂಡಿತು. ನನ್ನ ಇಡೀ ಬಾಳೇ ನೂಲಿನಲ್ಲಿ ಕಳೆದಿದೆ, ಆದರೆ ಇಂಥ ನೂಲು ನೋಡಿರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದರೊಳಗೆ ಹಾಕಿ ತಿರುವಿದರೆ ಉಂಡೆಯಾಗಿ ಸುತ್ತಿಕೊಂಡು ಬರುತ್ತಿತ್ತು. ಬೆಳಿಗ್ಗೆ ಒಂದು ಉಂಡೆ ತೆಗೆದರೆ ಮರುದಿನ ಮತ್ತೆ ಅಷ್ಟೇ. ಕರಿಕಲ್ಲಿನ ಮೇಲಿನ ದಪ್ಪ ಎಲೆಗಳ ಅಂಚಿಗೂ ಗಡ್ಡದಂತೆ ಕಪ್ಪು ಪಾಚಿ ಮೂಡಿತು. ಅದು ನಾನೇ ಗಂಟು ಹಾಕಿದ ಗಿಡ.

ಜಂಪರ ತಗೊಳ್ಳಲು ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋದರು. ಒಬ್ಬಳು ಉಪ್ಪು ಹಾಕು ಎಂದಳು, ಇನ್ನೊಬ್ಬಳು ನೀರು ತಿಳಿಯಾಗಿಸುವ ತುರಟಿ ತಿರುವು ಎಂದಳು. “ಎಲ್ಲಾ ನೀರ ಚೆಲ್ಲಿ ಬೂದಿ ಹಚ್ಚಿ ತಿಕ್ಕಬೇಕ ಬೇ, ಪಾತ್ರಿ ತಿಕ್ಕಿದಂಗ” ಎಂದವಳೊಬ್ಬಳು. ಅವಳ ಜಂಪರದ ತೋಳನ್ನು ಆ ದಿನ ನಾನು ತಿರುವು ಮುರುವು ಜೋಡಿಸಿ, ಬಿಚ್ಚಿ, ಮತ್ತೆ ಹೊಲಿದೆ. ಆಪಾನಿಗೆ ಫೋನು ಹಚ್ಚೋಣವೆಂದರೆ, ಅಷ್ಟು ದೂರ ದೇವರ ಧ್ಯಾನಕ್ಕೆ ಹೋದವರಿಗೆ ಪಾಚಿಯ ಸುದ್ದಿ ಹೇಳುವುದೇ? ಆಗಾಗ ಅವರದೇ ಫೋನು ಬರುತ್ತಿತ್ತು. ಸುತ್ತಲೂ ಗದ್ದಲ, ಎರಡೇ ಮಾತು. “ಎಲ್ಲಾ ಆರಾಮಿಲ್ಲೋ?” “ಆರಾಮರಿ ಆಪಾ, ಎಲ್ಲಾ ಆರಾಮ.” ಫೋನು ಇಟ್ಟ ಮೇಲೆ ಮತ್ತೆ ಬ್ರಷ್ಷು ಹಿಡಿಯುತ್ತಿದ್ದೆ.

ಒಂದು ದಿನ ಬ್ರಷ್ಷು ತಿರುವುವಾಗ ತಳದ ಮರಳಿನಲ್ಲಿ ಬೆಳ್ಳಗೆ ಏನೋ ಕಂಡಿತು. ತೆಗೆದು ನೋಡಿದರೆ ರೊಟ್ಟಿಯ ಚೂರು. ಜೋಳದ ರೊಟ್ಟಿ! ತಿರುಗಿ ನೋಡಿದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಒಳಗೆ ಹೊರಟಿದ್ದಳು.

“ಏನ್ ಬೇ ಅವ್ವಾ ಇದು? ರೊಟ್ಟಿ ಹಾಕಾಕತ್ತೀಯೇನು ಮೀನಿಗೆ?”

“ಹಾಕಿದ್ರ ಏನಾತು? ಚಿಟಿಗಿ ಹಿಟ್ಟ ಒಂದ ಹೊತ್ತು ಹಾಕೂದು ಯಾವ ಸೀಮಿ ಧರ್ಮ? ನಾ ಉಣ್ಣಾಕ ಕುಂತಾಗ ಎಲ್ಲಾ ಕಾಜಿಗೆ ಬಂದು ನನ್ನ ಮಾರಿ ನೋಡ್ತಾವ. ನನಗ ತುತ್ತು ಇಳಿಯಂಗಿಲ್ಲ.”

“ಅದ ಕೊಳತು ಪಾಚಿ ಆಗಾಕತ್ತೈತಿ!”

“ಮನಿಗೆ ಬಂದ ಜೀವ ಉಪಾಸ ಇಟ್ರ ಪಾಪ ಯಾರಿಗೆ ಹತ್ತತೈತಿ?” ಎಂದು ನನ್ನ ಮೇಲೇ ಏರಿ ಬಂದಳು. ಕೊನೆಗೆ ಇನ್ನು ಹಾಕುವುದಿಲ್ಲವೆಂದು ಮಾತು ಕೊಟ್ಟಳು. ನಾನೂ ಕಿಟಕಿಯ ಪರದೆ ಎಳೆದು, ನೀಲಿ-ಕಪ್ಪಿನ ದಾರ ಆರಿಸಲು ಬಾಗಿಲ ಹೊಸ್ತಿಲಿಗೆ ಹೋಗತೊಡಗಿದೆ.

ಅದೇ ವಾರ ತಮ್ಮ ಬಿಜ್ಜರಗಿಯಿಂದ ಜೋಳದ ಚೀಲ ತಂದ. ಚಹಾ ಕುಡಿಯುತ್ತ ಟ್ಯಾಂಕು ನೋಡಿದ. “ಯಕ್ಕಾ, ನಮ್ಮ ಹೊಂಡದಾಗೂ ಹಿಂಗ ಆಗಿತ್ತು. ಮೈಲುತುತ್ತ ಅರಬ್ಯಾಗ ಕಟ್ಟಿ ಇಳಿಬಿಟ್ಟೆ ನೋಡು, ಎರಡು ದಿನದಾಗ ನೀರು ಕನ್ನಡಿ ಆತು.” ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಕಡುನೀಲಿ ಹರಳು. ಅದನ್ನು ಸುಣ್ಣದ ಜೊತೆ ಕಲಸಿ ಬಳ್ಳಿಗೆ ರೋಗ ಬರದಂತೆ ಹೊಡೆಯುತ್ತಾರೆ, ಬಳ್ಳಿಗೆ ನೀರು ಬಿಡುವ ಹೊಂಡಕ್ಕೆ ಪಾಚಿ ಹತ್ತಿದರೆ ಅದನ್ನೇ ಬಟ್ಟೆಯಲ್ಲಿ ಕಟ್ಟಿ ತೇಲಿಬಿಡುತ್ತಾರೆ.

“ಏನೂ ಹಾಕಬಾರದು ಅಂತ ಆಪಾ ಹೇಳ್ಯಾರ. ಸುಮ್ಮನಿರು” ಎಂದೆ.

ಅವನು ನಕ್ಕ. “ಆತು ಬಿಡು. ಹೆಂಗೂ ನಿನ್ನ ಕೈಯಾಗ ಕೊಟ್ಟಾರ, ಪಾಚಿಯರ ಬೆಳೀತಲ್ಲ.”

ಹಾಸ್ಯಕ್ಕೇ ಅಂದ. ನನಗೆ ಅದು ಹಾಸ್ಯವಾಗಿ ಕೇಳಲಿಲ್ಲ. ಕೈಯಲ್ಲಿದ್ದ ಕತ್ತರಿಯನ್ನು ಮೇಜಿಗೆ ಬಡಿದೆ. ಟ್ಯಾಂಕಿನ ಮೀನೆಲ್ಲ ಒಮ್ಮೆಲೇ ಮೂಲೆಗೆ ಓಡಿದವು. “ಎದ್ದು ನಡಿ ಮೊದಲ! ಚಹಾ ಕುಡದಿ ಇಲ್ಲೋ, ನಡಿ!” ಎಂದೆ. ಅವ್ವ ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ಆಗಲೂ ಅವಳು ಏನೂ ಅನ್ನಲಿಲ್ಲ. ತಮ್ಮನ ಮಾತಿಗಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಹಟ ಹಿಡಿದೆ. ಕೈಗುಣ ಗೀಗುಣ ಏನೇ ಇರಲಿ, ಆಪಾ ಬರುವುದರೊಳಗೆ ಈ ಪಾಚಿಯನ್ನು ತೆಗೆದೇ ತೀರುತ್ತೇನೆ ಎಂದುಕೊಂಡೆ. ಮೊಬೈಲಿನಲ್ಲಿ ಒಬ್ಬರು ಹಿಂದಿಯಲ್ಲಿ ಹೇಳುತ್ತಿದ್ದರು. ಪಾಚಿ ಬೆಳಕಿಲ್ಲದೆ ಬದುಕುವುದಿಲ್ಲ, ಗಿಡಗಳು ಕೆಲವು ದಿನ ತಡೆಯುತ್ತವೆ. ಅರ್ಧ ನೀರು ಬದಲಿಸಿ, ಟ್ಯಾಂಕಿಗೆ ಕಪ್ಪು ಬಟ್ಟೆ ಮುಚ್ಚಿ, ಮೂರ್ನಾಲ್ಕು ದಿನ ಬೆಳಕೂ ಬೇಡ, ಆಹಾರವೂ ಬೇಡ, ತೆರೆದು ನೋಡುವುದೂ ಬೇಡ. ಕಪ್ಪು ಅಸ್ತರಿನ ಬಟ್ಟೆಗೆ ನನ್ನ ಹತ್ತಿರ ಬರವೇ? ಎರಡು ಪದರು ಮಾಡಿ ಟ್ಯಾಂಕಿನ ಅಳತೆಗೆ ಸರಿಯಾಗಿ ಒಂದು ಗವಸು ಹೊಲಿದೆ. ಬುರ್ಖಾ ಹೊಲಿದುಕೊಟ್ಟಷ್ಟು ಚೆನ್ನಾಗಿ ಬಂತು. ಹಾಕಿದೆ. ಅವ್ವ ಅಂದು ಬಿಜ್ಜರಗಿಯಲ್ಲಿ ಯಾರದೋ ಮನೆಯ ಬಸುರಿಗೆ ಕುಬಸ ಮಾಡುವ ಕಾರ್ಯವೆಂದು ಟಿಕೋಟಾ ಬಸ್ಸು ಹತ್ತಿ ಹೋದಳು. ಮೀನಿಗೆ ಊಟ ಹಾಕುವ ಕಾಟ ತಪ್ಪಿತೆಂದು ನಾನೇ ನಿಲ್ದಾಣಕ್ಕೆ ಹೋಗಿ ಹತ್ತಿಸಿ ಬಂದೆ.

ನೋಡಬಾರದು ಎಂದ ಮೇಲೆ ನೋಡಬೇಕೆನ್ನುವ ಚಟ ಎಂಥದ್ದೆಂದು ಆ ದಿನಗಳಲ್ಲಿ ತಿಳಿಯಿತು. ಯಂತ್ರ ತುಳಿಯುತ್ತ ಕಿವಿಯನ್ನು ಗವಸಿನ ಕಡೆಗೇ ಇಟ್ಟಿರುತ್ತಿದ್ದೆ. ನೀರಿನ ಪಂಪಿನ ಗುಳುಗುಳು ಸದ್ದು ಒಂದಿಷ್ಟು ಬದಲಾದರೂ ಎದ್ದು ಹೋಗಿ ನಿಲ್ಲುತ್ತಿದ್ದೆ. ಗವಸಿನ ಅಂಚು ಹಿಡಿದು, ಬಿಟ್ಟು, ಮತ್ತೆ ಬಂದು ಕೂರುತ್ತಿದ್ದೆ. ಅವ್ವ ಮರುದಿನವೇ ಬದನೆಕಾಯಿ, ಹೋಳಿಗೆ ಕಟ್ಟಿಸಿಕೊಂಡು ಬಂದಳು. “ಇನ್ನೂ ಮುಚ್ಚೇ ಇಟ್ಟೀಯಲ್ಲ ಬೇ” ಎಂದಳಷ್ಟೇ. ಅಷ್ಟಕ್ಕೇ ಬಿಟ್ಟಳಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಗವಸು ತೆಗೆಯುವ ದಿನ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆಯೇ ಎದ್ದು ದೇವರಿಗೆ ದೀಪ ಹಚ್ಚಿದೆ. ಬಟ್ಟೆ ಎತ್ತಿದೆ.

ನೂಲು ಪಾಚಿ ಇರಲಿಲ್ಲ. ಬೂದಿಯಂತೆ ಬಿಳಿಚಿ ತಳಕ್ಕೆ ಬಿದ್ದಿತ್ತು. ಅದರ ಜೊತೆಗೆ ಬಸವನಹುಳುಗಳೂ ಬಿದ್ದಿದ್ದವು, ಬಾಯಿ ತೆರೆದುಕೊಂಡು. ಸೀಗಡಿಗಳು ಬೇಯಿಸಿದ ಹಾಗೆ ಕೆಂಪಗಾಗಿ ಅಲ್ಲಲ್ಲಿ ಮಲಗಿದ್ದವು. ಉದ್ದನೆಯ ಹುಲ್ಲು ಕೊಳೆತು ಜೋಲುಬಿದ್ದಿತ್ತು. ಮೀನುಗಳು ಮಾತ್ರ ಜೀವಂತ ಇದ್ದವು. ಎಲ್ಲವೂ ಮೇಲಕ್ಕೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ ಬಾಯಿ ಬಾಯಿ ಬಿಡುತ್ತಿದ್ದವು. ನೀರಿಗೆ ಇದ್ದೂ ಇಲ್ಲದಂಥ ಒಂದು ನೀಲಿ ಬಣ್ಣ. ಹಿಂದಿನ ಮೂಲೆಯಲ್ಲಿ, ಪಂಪಿನ ಕೊಳವೆಗೆ ಕಟ್ಟಿ, ಒಂದು ಸಣ್ಣ ಬಟ್ಟೆಯ ಗಂಟು ಇಳಿಬಿದ್ದಿತ್ತು. ಆ ಬಟ್ಟೆಯ ಗುರುತು ನನಗೆ ಹತ್ತಿತು. ಹಿಂದಿನ ವಾರ ನಾನೇ ಕತ್ತರಿಸಿ ಚಿಂದಿಯ ಬುಟ್ಟಿಗೆ ಎಸೆದ ಅರಿಷಿಣ ಬಣ್ಣದ ಅಸ್ತರು.

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ನನ್ನ ಮುಖ ನೋಡಿ, ಟ್ಯಾಂಕು ನೋಡಿ, “ಹೊಂಡದಾಗ ಏನೂ ಆಗಲಿಲ್ಲಲ್ಲ ಬೇ” ಎಂದಳು.

ಬೈಯಲು ಆಗ ಹೊತ್ತಿರಲಿಲ್ಲ. ಗಂಟು ಕಿತ್ತೆಸೆದು, ಸೊಲ್ಲಾಪುರ ರಸ್ತೆಯ ಮೀನಿನ ಅಂಗಡಿಯವನಿಗೆ ಫೋನು ಹಚ್ಚಿದೆ. ಅವನಿನ್ನೂ ನಿದ್ದೆಗಣ್ಣಿನಲ್ಲಿದ್ದ. “ಮೈಲುತುತ್ತ? ಅಯ್ಯಯ್ಯ, ಅದು ತಾಮ್ರರಿ. ಮೊದಲ ಮೀನ ಹೊರಗ ತಗೀರಿ. ಬ್ಯಾರೆ ನೀರಿಗೆ ಹಾಕ್ರಿ. ನಳದಿಂದ ಈಗ ಬಂದ ನೀರ ಹಾಕಬ್ಯಾಡ್ರಿ, ಅದರಾಗ ಕ್ಲೋರಿನ್ ಇರ್ತೈತಿ. ಹಳೇ ನೀರ ಐತೇನು?”

ಹಳೆಯ ನೀರು! ನಮ್ಮೂರಿನಲ್ಲಿ ನಳ ಬರುವುದೇ ಎಷ್ಟೋ ದಿನಕ್ಕೊಮ್ಮೆ. ಅದಕ್ಕಾಗಿ ನಾನು ಎಷ್ಟು ಮಂದಿಯ ಜೊತೆ ಜಗಳಾಡಿಲ್ಲ! ಹಿತ್ತಲಿನ ಸಿಮೆಂಟಿನ ತೊಟ್ಟಿಯಲ್ಲಿ ವಾರದ ಹಿಂದೆ ತುಂಬಿಟ್ಟ ನೀರು ಇನ್ನೂ ಇತ್ತು. ನಳ ಬರಲಿಲ್ಲವೆಂದು ಹಾಕಿದ ಶಾಪವನ್ನೆಲ್ಲ ಆ ಬೆಳಿಗ್ಗೆ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ. ಅವ್ವ ಅವಸರದಲ್ಲಿ ಒಳಗಿಂದ ಹಂಡೆ ಎಳೆದುಕೊಂಡು ಬಂದಳು. ಅಜ್ಜಿಯ ಕಾಲದ ದೊಡ್ಡ ತಾಮ್ರದ ಹಂಡೆ.

“ತಾಮ್ರ ಬ್ಯಾಡ ಬೇ! ಅದ ತಾಮ್ರನ ಕುಡದು ಸಾಯಾಕತ್ತಾವ!” ಎಂದು ಚೀರಿದೆ. ಅವ್ವ ಹಂಡೆಯನ್ನು ಹಾಗೇ ಬಿಟ್ಟು ಬಟ್ಟೆ ತೊಳೆಯುವ ಪ್ಲಾಸ್ಟಿಕ್ ಟಬ್ಬು ತಂದಳು. ಲಂಗಕ್ಕೆ ಹಾಕುವ ಜಾಳಿಗೆ ಬಟ್ಟೆಯಿಂದ ಒಂದೊಂದೇ ಮೀನನ್ನು ಎತ್ತಿ ಟಬ್ಬಿಗೆ ಬಿಟ್ಟೆ. ಒಂದು ಜಾರಿ ನೆಲಕ್ಕೆ ಬಿತ್ತು, ಅವ್ವ ಬೊಗಸೆಯಲ್ಲಿ ಹಿಡಿದು ನೀರಿಗೆ ಹಾಕಿದಳು. ಕರಿಕಲ್ಲನ್ನೂ ಗಿಡ ಸಮೇತ ತೊಳೆದು ಅದೇ ಟಬ್ಬಿನ ಮೂಲೆಯಲ್ಲಿಟ್ಟೆ. ಸಂಜೆಯವರೆಗೆ ಕೆಲವು ಮೀನು ಸತ್ತವು. ಉಳಿದವು ತಳಕ್ಕಿಳಿದು ಮೆಲ್ಲಗೆ ಬಾಲ ಆಡಿಸತೊಡಗಿದವು. ಆ ದಿನ ಬಂದ ಗಿರಾಕಿಗಳನ್ನೆಲ್ಲ ಬಾಗಿಲಿಂದಲೇ ಹಿಂದಕ್ಕೆ ಕಳಿಸಿದೆ.

ಆಮೇಲೆ ಬೈದೆ. ಎಷ್ಟು ಬೈದೆನೆಂದು ಇಲ್ಲಿ ಬರೆಯಲಾರೆ. ಕುಬಸದ ನೆಪ ಮಾಡಿ ಹೋಗಿ ತಮ್ಮನ ಶೆಡ್ಡಿನಿಂದ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ನಾನು ದಾರ ತರಲು ಹೋದಾಗ ಗವಸಿನ ಒಳಗೆ ಕೈಹಾಕಿ ಕಟ್ಟಿದ್ದಳು. “ನನಗ ಕೇಳಾಕ ಏನಾಗಿತ್ತು? ನನ್ನ ಮಾನ ಕಳಿಯಾಕ ಮಂದಿ ಸಾಲಲಿಲ್ಲಂತ ನೀನೂ ನಿಂತೆಯೇನು?” ಎಂದೆ. ಅವಳು ಮಂಚದ ತುದಿಗೆ ಕೂತು ಬೆರಳಿಗೆ ಸೆರಗು ಸುತ್ತುತ್ತ, ಬಿಚ್ಚುತ್ತ ಇದ್ದಳು. ಆ ಮೇಲೆ ಅವಳು ಊಟಕ್ಕೆ ಕೂರುವಾಗ ಟಬ್ಬಿಗೆ ಬೆನ್ನು ಮಾಡಿ ಕೂರತೊಡಗಿದಳು.

ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಮರಳು ಎಸೆದು, ಹೊಸ ಮರಳು ತಂದು, ತೊಟ್ಟಿಯ ಹಳೆ ನೀರನ್ನೇ ತುಂಬಿದೆ. ಅಂಗಡಿಯವನು ಹೇಳಿದಂತೆ ಕೆಲವು ದಿನ ನೀರು ಬದಲಿಸಿ ಬದಲಿಸಿ ನೋಡಿ, ಆಮೇಲೆ ಮೀನು ಬಿಟ್ಟೆ. ಕರಿಕಲ್ಲು ಮುಂದೆ ಇಟ್ಟೆ. ಅದರ ಎಲೆಗಳಲ್ಲಿ ಗಡ್ಡ ಬಂದವನ್ನೆಲ್ಲ ಕತ್ತರಿಸಿದ ಮೇಲೆ ಎರಡೇ ಉಳಿದಿದ್ದವು. ಗಾಜು ಸ್ವಚ್ಛ, ನೀರು ಸ್ವಚ್ಛ, ಆದರೆ ಒಳಗೆ ಏನಿತ್ತು? ಬಾಡಿಗೆಗೆ ಬಂದು ಇನ್ನೂ ಸಾಮಾನು ಇಳಿಸದ ಮನೆಯ ಹಾಗಿತ್ತು. ಹೆಂಗ ಕೊಟ್ಟಿರ್ತೇನೋ ಹಂಗ ಎಂದಿದ್ದರು ಆಪಾ.

ಅವರು ಬರುವ ದಿನ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು. ಅವ್ವ ಕೇಳಿದಳು, “ಅಕ್ಕೋರಿಗೆ ಏನಂತ ಹೇಳ್ತಿ?”

“ನನ್ನ ಕೈಲೇ ಆತು ಅಂತ ಹೇಳ್ತೇನಿ. ಈ ವಯಸ್ಸಿನಾಗ ನೀ ಕಳ್ಳರಂಗ ಅವರ ಮುಂದ ನಿಲ್ಲೂದ ಬ್ಯಾಡ. ನನಗೇನು, ಇದ್ದದ್ದ ಹೆಸರು. ಅದಕ್ಕ ಇದೊಂದು ಸೇರತೈತಿ.” ಸಿಟ್ಟಿನಲ್ಲೇ ಹೇಳಿದೆ, ಆದರೆ ಹೇಳಿದ್ದು ನಿಜ.

ಮೊದಲ ಮಳೆ ಬಿದ್ದು ಓಣಿಯೆಲ್ಲ ಕೆಸರಾಗಿದ್ದಾಗ ಅವರು ಬಂದರು. ಹಜ್ ಮುಗಿಸಿ ಬಂದವರು ಮನೆಯ ಹೊಸ್ತಿಲು ದಾಟುವ ಮೊದಲು ಮಾಡುವ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆಂದು ಓಣಿಯ ಮಂದಿಯೆಲ್ಲ ಬಂದು ಸುತ್ತ ನಿಂತಿದ್ದರು. ನಾನು ಗುಂಪಿನ ಹಿಂದೆ ನಿಂತು, ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎಂದುಕೊಂಡೆ. ಆಪಾ ಸಂಜೆ ಖರ್ಜೂರ, ಸಣ್ಣ ಬಾಟ್ಲಿಯಲ್ಲಿ ಮೆಕ್ಕಾದ ಜಮ್ಜಮ್ ನೀರು ಹಿಡಿದು ನಮ್ಮ ಮನೆಗೆ ಬಂದರು. ಮುಖ ಬಿಸಿಲಿಗೆ ಕರ್ರಗಾಗಿತ್ತು. ಕೂರಲಿಲ್ಲ, ಸೀದಾ ಟ್ಯಾಂಕಿನ ಮುಂದೆ ಹೋಗಿ ಬಗ್ಗಿದರು.

“ಹುಲ್ಲು ಎಲ್ಲಿ?” ಎಂದರು. ಇನ್ನೂ ಬಗ್ಗಿ ಹುಡುಕಿದರು. “ಸೀಗಡಿ ಎಲ್ಲಿ ಅದಾವ ತಂಗಿ?”

ನಾನೇ ಶುರುಮಾಡಿದೆ. “ಆಪಾ, ಅದು ನನ್ನ ಕೈಲೇ…”

“ನೀ ಸುಮ್ಮನಿರು” ಎಂದಳು ಅವ್ವ.

ಅವ್ವ ಮುಂದೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ಅಕ್ಕೋರ, ಮೈಲುತುತ್ತ ಹಾಕಿದಾಕಿ ನಾನ್ರಿ. ಇಕಿಗೆ ಗೊತ್ತಿರಲಿಲ್ಲ. ಇಕಿ ದಿನಾ ಬ್ರಷ್ ಹಿಡದು ತಿಕ್ಕಿದಳು, ಅರಬಿ ಹೊಲದು ಮುಚ್ಚಿದಳು, ಉಣ್ಣೂದ ಬಿಟ್ಟಳು. ಪಾಚಿ ಹೋಗಲಿಲ್ಲಂದ್ರ ಮಂದಿ ಮತ್ತ ಇಕಿ ಕೈಗುಣಕ್ಕ ಬರ್ತಾರ ಅಂತ ನನಗ ಅಂಜಿಕಿ ಆತ್ರಿ. ಬಬಲೇಶ್ವರದಾಗ ಬೀಗತಿ ಅಂದಾಗ ನಾ ಬಾಯಿ ಮುಚ್ಚಿಕೊಂಡು ಕುಂತೆ. ಮಗ ಅಂದಾಗೂ ಕುಂತೆ. ಈ ಸಲ ಯಾರೂ ಅನಬಾರದು ಅಂತ ನಾನ ಹಾಕಿದೆ. ಕೊಂದದ್ದು ನನ್ನ ಕೈರಿ. ಉಳದದ್ದಷ್ಟ ಇಕಿ ಕೈ.”

ನಾನು ಮೇಜಿನ ತುದಿ ಹಿಡಿದು ನಿಂತೆ. ಇಷ್ಟು ವರ್ಷ ಆ ಮಾತಿಗಾಗಿ ಕಾದಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಅಳು ಬಂದುಬಿಟ್ಟಿತು, ಗಿರಾಕಿಗಳ ಜಂಪರದಿಂದಲೇ ಕಣ್ಣು ಒರೆಸಿಕೊಂಡೆ.

ಆಪಾನಿಗೆ ನೋವಾಗಿತ್ತು, ಅದು ಕಾಣುತ್ತಿತ್ತು. ಗಾಜಿನ ಮೇಲೆ ಬೆರಳಿಟ್ಟು “ಪಾಪ, ಸೀಗಡಿ” ಎಂದರು. ಆಮೇಲೆ ಅವ್ವನ ಕಡೆ ತಿರುಗಿದರು. “ಹೋಗೂ ಮುಂದ ನಾ ನಿಮ್ಮ ಕೈ ಹಿಡದು ಮಾಫ್ ಮಾಡ್ರಿ ಅಂದೆ. ಯಾವ ತಪ್ಪಿಗೆ ಅಂತ ನೀವು ಕೇಳಿದ್ರೇನು? ಕೇಳಲಿಲ್ಲ. ಎಲ್ಲಾ ಮಾಡೇನಿ ಅಂದ್ರಿ. ಈಗ ನಾ ಹೆಂಗ ಕೇಳಲಿ?” ಎಂದು ಒಂದು ಖರ್ಜೂರ ತೆಗೆದು ಅವ್ವನ ಕೈಯಲ್ಲಿಟ್ಟರು.

ಮತ್ತೆ ಬಗ್ಗಿ ಕೈಯನ್ನು ನೀರಿಗಿಳಿಸಿ ಕರಿಕಲ್ಲನ್ನು ಮೇಲೆತ್ತಿದರು. ಗಂಟು ಹಾಗೇ ಇತ್ತು. ಉಳಿದ ಎರಡು ಎಲೆಗಳ ನಡುವೆ ಎಳೆಹಸಿರಾದ ಒಂದು ಸುರುಳಿ ಇತ್ತು, ಬೆರಳಿನ ಉಗುರಿನಷ್ಟು. ಎಷ್ಟು ದಿನದಿಂದ ಇತ್ತೋ, ಪಾಚಿ ಹುಡುಕುವ ಕಣ್ಣಿಗೆ ನನಗದು ಕಂಡೇ ಇರಲಿಲ್ಲ. “ಈ ಗಿಡ ಎಲಿ ಬಿಡಾಕ ಭಾಳ ಆಟ ಆಡಸ್ತೈತಿ” ಎಂದು ಆಪಾ ಅದನ್ನು ಅವ್ವನ ಮುಂದೆ ಹಿಡಿದರು.

ಅವ್ವ ಕನ್ನಡಕ ಏರಿಸಿ ನೋಡಿದಳು. ಸೀದಾ ಒಳಗೆ ಹೋದಳು. ಒಳಗಿನಿಂದ ಅವಳ ದನಿ ಕೇಳಿತು. ತಮ್ಮನಿಗೆ ಫೋನು ಹಚ್ಚಿದ್ದಳು, ಫೋನಿನಲ್ಲಿ ಅವಳು ಯಾವಾಗಲೂ ಬಿಜ್ಜರಗಿಗೆ ನೇರ ಕೇಳಬೇಕೆನ್ನುವ ಹಾಗೆಯೇ ಮಾತಾಡುವುದು.

“ಹೊಸಾ ಹೊಲದ ತುಂಡಿನಾಗ ಬಳ್ಳಿ ಹಚ್ಚಾಂವ ಇದ್ದೀಯಲ್ಲ, ಮೊದಲನೇದು ನಿಮ್ಮಕ್ಕ ಹಚ್ಚತಾಳ. ಹಾಂ. ಅಡಗಿ ಮನ್ಯಾಗ ಅಲ್ಲಲೇ, ಹೊಲದಾಗ. ಅಕಿ ಹಚ್ಚಲಿಲ್ಲಂದ್ರ ನಾ ನಿನ್ನ ಹೊಲ ತುಳಿಯಂಗಿಲ್ಲ.”

ಅವಳು ಹೊರಗೆ ಬಂದಾಗ ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಹುಣಸೆಹಣ್ಣು ಶುರುವಾಗಿತ್ತು.

“ಅವ್ವಾ, ಅದು ಚಿಗಿಲಿಲ್ಲಂದ್ರ?”

“ಚಿಗಿಲಿಲ್ಲಂದ್ರ ಇನ್ನೊಂದು ಹಚ್ಚು” ಎಂದಳು ಅವ್ವ, ಖರ್ಜೂರದ ಬೀಜ ಬಾಯಿಂದ ತೆಗೆಯುತ್ತ.